ತೋಳಿನ ಮೇಲಿನ ಗುರುತು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಸೇರಿದ ತಾಯಲೂರು ಗಡಿನಾಡಿನ ಊರು. ಆ ಕಡೆ ಕನ್ನಡದೊಡನೆ ತೆಲುಗು, ಉರ್ದು ಮಾತುಗಳೂ ಕಿವಿಗೆ ಬೀಳುತ್ತವೆ. ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತಿರುವ ಅಲ್ಲಿನ ಹಿರಿಯರ ಮೇಲ್ತೋಳನ್ನು ನೋಡಿದರೆ, ನಾಣ್ಯದಷ್ಟು ಅಗಲವಾದ ಒಂದೆರಡು ದುಂಡನೆಯ ಕಲೆಗಳು ಕಾಣುತ್ತವೆ. ಮೊಮ್ಮಕ್ಕಳು ಅವುಗಳ ಮೇಲೆ ಬೆರಳಾಡಿಸಿ, "ಅಜ್ಜೀ, ಇದೇನು?" ಎಂದು ಕೇಳಿದರೆ, "ಚಿಕ್ಕಂದಿನಲ್ಲಿ ಮೈಲಿ ಹಾಕಿದ್ದು ಕಣಪ್ಪ" ಎಂಬ ಉತ್ತರ ಬರುತ್ತದೆ. ಕೇಳಿದ ಮಗುವಿನ ತೋಳಿನಲ್ಲಿ ಆ ಗುರುತಿಲ್ಲ. ಅಲ್ಲಿ ಇರುವುದು ಕ್ಷಯರೋಗದ ಲಸಿಕೆಯ ಸಣ್ಣ ಕಲೆ ಮಾತ್ರ. ಅಜ್ಜಿಯ ತೋಳಿನ ಗುರುತು ಬೇರೊಂದು ಕಾಲದ್ದು.

ಆ ಕಾಲದಲ್ಲಿ ಸಿಡುಬೆಂಬ ಹೆಸರನ್ನು ಎತ್ತಲೂ ಜನರು ಅಂಜುತ್ತಿದ್ದರು. "ಅಮ್ಮ ಬಂದಿದ್ದಾಳೆ" ಎಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪನ್ನು ಸಿಕ್ಕಿಸುತ್ತಿದ್ದರು. ಮಾರಮ್ಮನಿಗೆ ತಂಪು ಎರೆಯುವ ಹರಕೆ ಹೊರುತ್ತಿದ್ದರು. ಉಗ್ರವಾದ ಸಿಡುಬು ತಗಲಿದ ಹತ್ತು ಜನರಲ್ಲಿ ಸುಮಾರು ಮೂವರು ಬದುಕುತ್ತಿರಲಿಲ್ಲ. ಬದುಕಿದವರಲ್ಲಿ ಹಲವರ ಮುಖ ಕುಳಿಬಿದ್ದು ವಿಕಾರವಾಗುತ್ತಿತ್ತು. ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಇಂಥ ಮಹಾಮಾರಿ ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಅದು ಹೇಗೆ ಅಳಿಯಿತೆಂಬುದು ಹಲವು ನಾಡುಗಳ, ಹಲವು ಜನರ ಕಥೆ. ಆ ಕಥೆಯ ಒಂದು ಮುಖ್ಯವಾದ ಅಧ್ಯಾಯ ನಡೆದದ್ದು ಸುಮಾರು ಮುನ್ನೂರು ವರ್ಷಗಳ ಹಿಂದೆ, ತುರ್ಕರ ನಾಡಿನಲ್ಲಿ. ಅದನ್ನು ಕಣ್ಣಾರೆ ಕಂಡು ತನ್ನ ದೇಶಕ್ಕೆ ಕೊಂಡೊಯ್ದವಳು ಮೇರಿ ವರ್ಟ್ಲಿ ಮಾಂಟಗೂ ಎಂಬ ಇಂಗ್ಲಿಷ್ ಮಹಿಳೆ.

ಮೇರಿ ಹುಟ್ಟಿದ್ದು 1689ರಲ್ಲಿ, ದೊಡ್ಡ ಶ್ರೀಮಂತರ ಮನೆಯಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಹೆಚ್ಚಿನ ವಿದ್ಯೆ ಬೇಡವೆಂದು ತಿಳಿದಿದ್ದರು. ಆದರೆ ತಂದೆಯ ಮನೆಯಲ್ಲಿ ದೊಡ್ಡ ಪುಸ್ತಕಭಂಡಾರವಿತ್ತು. ಮೇರಿ ಅದರೊಳಗೆ ಕುಳಿತು, ಗುರುವಿನ ನೆರವಿಲ್ಲದೆ ಲ್ಯಾಟಿನ್ ಭಾಷೆಯನ್ನು ಕಲಿತಳು. ತಂದೆ ಗೊತ್ತುಮಾಡಿದ ವರನನ್ನು ಒಲ್ಲದೆ, 1712ರಲ್ಲಿ ಎಡ್ವರ್ಡ್ ವರ್ಟ್ಲಿ ಮಾಂಟಗೂ ಎಂಬವನನ್ನು ಗುಟ್ಟಾಗಿ ಮದುವೆಯಾದಳು. ಮರುವರ್ಷ ಆಕೆಯ ಒಬ್ಬನೇ ತಮ್ಮ ಸಿಡುಬಿನಿಂದ ತೀರಿಕೊಂಡನು. 1715ರ ಕೊನೆಯಲ್ಲಿ ಅದೇ ರೋಗ ಆಕೆಯನ್ನೂ ಹಿಡಿಯಿತು. ಪ್ರಾಣ ಉಳಿಯಿತು, ಆದರೆ ಕಣ್ಣಿನ ರೆಪ್ಪೆಗೂದಲುಗಳು ಉದುರಿಹೋದವು, ಮುಖದಲ್ಲಿ ಕಲೆಗಳು ನಿಂತವು. ರೂಪವತಿಯೆಂದು ಹೆಸರಾಗಿದ್ದ ಇಪ್ಪತ್ತಾರರ ಹೆಣ್ಣು ಕನ್ನಡಿಯನ್ನು ನೋಡಿಕೊಳ್ಳಲು ಹಿಂಜರಿಯುವಂತಾಯಿತು.

ಮುಂದಿನ ವರ್ಷವೇ ಆಕೆಯ ಪತಿಯು ಆಟೋಮನ್ ತುರ್ಕರ ಸಾಮ್ರಾಜ್ಯಕ್ಕೆ ಇಂಗ್ಲೆಂಡಿನ ರಾಯಭಾರಿಯಾಗಿ ನೇಮಕಗೊಂಡನು. ರಾಯಭಾರಿಗಳ ಹೆಂಡಂದಿರು ಇಂಥ ದೂರದ ಪಯಣಕ್ಕೆ ಹೊರಡುವುದು ವಿರಳ. ಮೇರಿ ಮೂರು ವರ್ಷದ ಮಗನನ್ನು ಕರೆದುಕೊಂಡು ಹೊರಟೇಬಿಟ್ಟಳು. 1717ರ ಜನವರಿಯಲ್ಲಿ, ಹಿಮ ಮುಚ್ಚಿದ ಹಂಗೆರಿಯ ಬಯಲಿನ ಮೇಲೆ ಅವರ ಬಂಡಿಗಳು ಸಾಗಿದವು. ದಾರಿಯಲ್ಲಿ ಹಿಂದಿನ ವರ್ಷವಷ್ಟೇ ಆಸ್ಟ್ರಿಯದ ಸೇನೆಗೂ ತುರ್ಕರಿಗೂ ಯುದ್ಧ ನಡೆದಿದ್ದ ರಣಭೂಮಿ ಬಂದಿತು. ಸತ್ತ ಸೈನಿಕರ, ಕುದುರೆಗಳ, ಒಂಟೆಗಳ ದೇಹಗಳು ಮಣ್ಣು ಕಾಣದೆ ಅಲ್ಲಿಯೇ ಬಿದ್ದಿದ್ದವು. ಸತ್ತವರು ಯಾವ ಮತದವರೆಂದು ಆಕೆ ಎಣಿಸಲಿಲ್ಲ. ಇಷ್ಟು ವಿಶಾಲವಾದ ಭೂಮಿಯಿರುವಾಗ ಒಂದು ತುಂಡು ನೆಲಕ್ಕಾಗಿ ಮನುಷ್ಯರು ಹೀಗೆ ಕಡಿದಾಡುವುದು ಎಂಥ ಅವಿವೇಕವೆಂದು ಮರುಗಿದಳು.

ಬೆಲ್‌ಗ್ರೇಡ್ ನಗರದಲ್ಲಿ ಅವರು ಸುಮಾರು ಮೂರು ವಾರ ತಂಗಬೇಕಾಯಿತು. ಅವರಿಗೆ ಆಶ್ರಯ ನೀಡಿದವನು ಅಹ್ಮದ್ ಬೇ ಎಂಬ ತುರ್ಕಿ ವಿದ್ವಾಂಸ. ರಾತ್ರಿಯ ಊಟದ ಹೊತ್ತಿನಲ್ಲಿ ಆತನು ಅರಬ್ಬೀ ಕಾವ್ಯದ ಸೊಗಸನ್ನು ವಿವರಿಸುತ್ತಿದ್ದನು. ಮೇರಿ ತನ್ನ ಸಂದೇಹಗಳನ್ನು ಕೇಳುತ್ತಿದ್ದಳು. ಆತನು ಆಕೆಯ ನಾಡಿನ ರೀತಿನೀತಿಗಳನ್ನು ಕೇಳಿ ತಿಳಿಯುತ್ತಿದ್ದನು. ತುರ್ಕರೆಂದರೆ ಕ್ರೂರಿಗಳು, ಅನಾಗರಿಕರು ಎಂದು ಯುರೋಪಿನಲ್ಲಿ ಹೇಳುತ್ತಿದ್ದ ಕಾಲವದು. ಆ ಸಾಮ್ರಾಜ್ಯದ ಗಡಿಯಲ್ಲಿ ಆಕೆಗೆ ಮೊದಲು ದೊರೆತ ಗೆಳೆತನ ಒಬ್ಬ ಕಾವ್ಯರಸಿಕನದು.

ಅಲ್ಲಿಂದ ಮುಂದೆ ಸೋಫಿಯಾ ನಗರ. ಬಿಸಿನೀರಿನ ಸ್ನಾನಗೃಹಗಳಿಗೆ ಅದು ಹೆಸರುವಾಸಿ. ಮೇರಿ ಒಂದು ಬೆಳಗ್ಗೆ ಹೆಂಗಸರ ಸ್ನಾನಗೃಹಕ್ಕೆ ಹೋದಳು. ಸುಮಾರು ಇನ್ನೂರು ಮಂದಿ ಸ್ತ್ರೀಯರು ಅಲ್ಲಿ ಸೇರಿದ್ದರು. ಕೆಲವರು ತಲೆಗೂದಲನ್ನು ಹೆಣೆಸಿಕೊಳ್ಳುತ್ತಿದ್ದರು. ಕೆಲವರು ಕಾಫಿಯನ್ನೋ ಷರಬತ್ತನ್ನೋ ಹೀರುತ್ತ ಊರಿನ ಸುದ್ದಿಯನ್ನು ಮಾತನಾಡುತ್ತಿದ್ದರು. ಕುದುರೆಸವಾರಿಯ ವಿಚಿತ್ರವಾದ ಉಡುಪಿನಲ್ಲಿ ಒಳಗೆ ಬಂದ ಪರದೇಶದ ಹೆಣ್ಣನ್ನು ಕಂಡು ಯಾರೂ ನಗಲಿಲ್ಲ, ಪಿಸುಗುಟ್ಟಲಿಲ್ಲ. ಆದರದಿಂದ ಬಳಿಗೆ ಕರೆದು ಕೂರಿಸಿಕೊಂಡರು. ಯುರೋಪಿನ ಯಾವ ಅರಮನೆಯಲ್ಲಿಯೂ ಅಪರಿಚಿತಳೊಬ್ಬಳಿಗೆ ಇಂಥ ಸೌಜನ್ಯ ದೊರೆಯುವುದಿಲ್ಲವೆಂದು ಆಕೆಗೆ ಅನ್ನಿಸಿತು.

ಅಲ್ಲಿ ಒಂದು ತಮಾಷೆಯ ಪ್ರಸಂಗವೂ ನಡೆಯಿತು. ಆಗಿನ ಇಂಗ್ಲಿಷ್ ಸ್ತ್ರೀಯರು ನಡು ಸಣ್ಣದಾಗಿ ಕಾಣಲೆಂದು ಗಟ್ಟಿಯಾದ ಕಡ್ಡಿಗಳನ್ನು ಸೇರಿಸಿ ಹೊಲಿದ ಬಿಗಿಯಾದ ಒಳಕವಚವನ್ನು ತೊಡುತ್ತಿದ್ದರು. ಮೇರಿಯ ಮೈಮೇಲೆ ಅದನ್ನು ಕಂಡ ತುರ್ಕಿ ಸ್ತ್ರೀಯರು ಬೆರಗಾದರು. ಪಾಪ, ಈಕೆಯ ಗಂಡ ಈಕೆಯನ್ನು ಈ ಪಂಜರದಲ್ಲಿಟ್ಟು ಬೀಗ ಹಾಕಿದ್ದಾನೆ ಎಂದು ಅವರು ಕನಿಕರಪಟ್ಟರಂತೆ! ತುರ್ಕಿಯ ಹೆಂಗಸರು ಬಂಧನದಲ್ಲಿದ್ದಾರೆಂದು ಇಂಗ್ಲೆಂಡು ಮರುಗುತ್ತಿದ್ದಾಗ, ಇಂಗ್ಲೆಂಡಿನ ಹೆಣ್ಣಿನ ಬಂಧನವನ್ನು ಕಂಡು ತುರ್ಕಿಯ ಹೆಂಗಸರು ಮರುಗಿದರು. ಮೇರಿ ಇದನ್ನು ಅವಮಾನವೆಂದು ತಿಳಿಯಲಿಲ್ಲ. ಗೆಳತಿಗೆ ಬರೆದ ಪತ್ರದಲ್ಲಿ ನಗುತ್ತಲೇ ಹೇಳಿಕೊಂಡಳು.

ಏಡ್ರಿಯಾನೋಪಲ್, ಕಾನ್‌ಸ್ಟಾಂಟಿನೋಪಲ್ ನಗರಗಳಲ್ಲಿ ಆಕೆ ಒಂದು ವರ್ಷಕ್ಕೂ ಮೇಲ್ಪಟ್ಟು ಇದ್ದಳು. ಇವೇ ಈಗಿನ ಎಡಿರ್ನೆ ಮತ್ತು ಇಸ್ತಾಂಬುಲ್. ಮೇರಿ ತುರ್ಕಿ ಭಾಷೆಯನ್ನು ಕಲಿಯತೊಡಗಿದಳು. ಅಲ್ಲಿನ ಸ್ತ್ರೀಯರಂತೆ ಮುಸುಕು ಧರಿಸಿ ಬೀದಿಗಳಲ್ಲಿ, ಪೇಟೆಗಳಲ್ಲಿ ತಿರುಗಾಡಿದಳು. ಎಡಿರ್ನೆಯ ಸೆಲಿಮಿಯೆ ಮಸೀದಿಯ ಭವ್ಯತೆಗೆ ಮನಸೋತಳು. ಮುಸುಕೆಂದರೆ ಸೆರೆಮನೆಯೆಂದು ಆಕೆ ಓದಿದ್ದಳು. ಅದನ್ನು ತೊಟ್ಟು ನಡೆದಾಗ, ಯಾರ ಗುರುತಿಗೂ ಸಿಗದೆ ಬೇಕಾದಲ್ಲಿಗೆ ಹೋಗಿ ಬರುವ ಅನುಕೂಲವೂ ಅದರಲ್ಲಿದೆಯೆಂದು ಕಂಡುಕೊಂಡಳು. ಅದಕ್ಕಿಂತಲೂ ಆಕೆಯನ್ನು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಅಲ್ಲಿ ಮದುವೆಯಾದ ಹೆಣ್ಣಿನ ಹಣ ಹೆಣ್ಣಿನ ಕೈಯಲ್ಲಿಯೇ ಇರುತ್ತಿತ್ತು. ಗಂಡನಿಂದ ಬೇರೆಯಾದರೂ ಅದು ಅವಳದೇ. ಇಂಗ್ಲೆಂಡಿನಲ್ಲಿ ಮದುವೆಯಾದೊಡನೆ ಹೆಂಡತಿಯ ಸೊತ್ತು ಸಾಮಾನ್ಯವಾಗಿ ಗಂಡನ ವಶವಾಗುತ್ತಿತ್ತು. ಅಲ್ಲಿನ ಸ್ತ್ರೀಯರಿಗೆ ಇಂಥ ಹಕ್ಕು ಪೂರ್ಣವಾಗಿ ದೊರೆಯಲು 1882ರವರೆಗೆ ಕಾಯಬೇಕಾಯಿತು.

ಮೇರಿಗಿಂತ ಮೊದಲು ತುರ್ಕಿಗೆ ಹೋಗಿಬಂದ ಯುರೋಪಿನ ಗಂಡಸರು ಅಲ್ಲಿನ ಸ್ತ್ರೀಯರ ವಿಷಯವಾಗಿ ಪುಟಗಟ್ಟಲೆ ಬರೆದಿದ್ದರು. ಆದರೆ ಅವರಲ್ಲಿ ಯಾರಿಗೂ ಅಂತಃಪುರದ ಹೊಸ್ತಿಲನ್ನು ದಾಟುವ ಅವಕಾಶವಿರಲಿಲ್ಲ. ಕಾಣದ್ದನ್ನು ಕಂಡಂತೆ ಬರೆದಿದ್ದರು. ಮೇರಿ ಹೆಣ್ಣಾದುದರಿಂದ ಆ ಬಾಗಿಲು ಆಕೆಗೆ ತೆರೆಯಿತು. ಹಾಗೆಂದು ಆಕೆ ಕಂಡದ್ದೆಲ್ಲ ಪೂರ್ಣಸತ್ಯವೆಂದು ಹೇಳಲಾಗದು. ಆಕೆಗೆ ಬಳಕೆಯಾದದ್ದು ಹೆಚ್ಚಾಗಿ ದೊಡ್ಡವರ ಮನೆಗಳು. ಅಲ್ಲಿನ ಗುಲಾಮಗಿರಿಯನ್ನು ಕುರಿತು ಆಕೆ ಹಗುರವಾಗಿ ಬರೆದದ್ದನ್ನು ಇಂದು ಯಾರೂ ಒಪ್ಪಲಾರರು. ಕಣ್ಣಿಟ್ಟು ನೋಡುವವರಿಗೂ ಕಾಣದೆ ಉಳಿಯುವುದು ಒಂದಷ್ಟು ಇದ್ದೇ ಇರುತ್ತದೆ. ಆದರೂ ಕೇಳಿದ ಮಾತನ್ನು ಕಂಡ ಸಂಗತಿಯೊಡನೆ ಹೋಲಿಸಿ ನೋಡಬೇಕೆಂಬ ಗುಣ ಆಕೆಯಲ್ಲಿತ್ತು. ಆ ಗುಣವೇ ಮುಂದೆ ಅಸಂಖ್ಯ ಮಕ್ಕಳಿಗೆ ನೆರವಾಯಿತು.

ಸ್ನಾನಗೃಹಗಳಲ್ಲಿ, ಮನೆಗಳಲ್ಲಿ ತುರ್ಕಿಯ ಸ್ತ್ರೀಯರ ಮುಖಗಳನ್ನು ನೋಡಿದಾಗ ಮೇರಿಗೆ ಒಂದು ಅಚ್ಚರಿ ಕಾದಿತ್ತು. ಅವರ ಚರ್ಮ ನುಣುಪಾಗಿತ್ತು. ತನ್ನ ಮುಖದಲ್ಲಿದ್ದಂಥ ಕುಳಿಗಳು ಅಲ್ಲಿ ಕಾಣಲಿಲ್ಲ. ಕಾರಣವನ್ನು ವಿಚಾರಿಸಿದಳು. ಬೇಸಗೆಯ ಸೆಖೆ ಇಳಿದ ಮೇಲೆ, ಸೆಪ್ಟೆಂಬರ್ ತಿಂಗಳಲ್ಲಿ, ನಾಲ್ಕಾರು ಮನೆಯವರು ಕೂಡಿ ತಮ್ಮ ಮಕ್ಕಳನ್ನು ಒಂದೆಡೆ ಸೇರಿಸುತ್ತಿದ್ದರು. ಈ ಕೆಲಸವನ್ನೇ ಕಸುಬಾಗಿ ಮಾಡುತ್ತಿದ್ದ ಮುದುಕಿಯೊಬ್ಬಳು ಅಲ್ಲಿಗೆ ಬರುತ್ತಿದ್ದಳು. ಸೌಮ್ಯವಾದ ಸಿಡುಬಿನ ಗುಳ್ಳೆಯಿಂದ ತೆಗೆದ ಕೀವು ಒಂದು ಕಾಯಿಯ ಚಿಪ್ಪಿನಲ್ಲಿ ಆಕೆಯ ಬಳಿ ಇರುತ್ತಿತ್ತು. ಆಕೆ ಸೂಜಿಯಿಂದ ಚರ್ಮವನ್ನು ಗೀರಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಕೀವನ್ನು ಅದರೊಳಗೆ ಸೇರಿಸಿ, ಮೇಲೆ ಒಂದು ಚಿಪ್ಪನ್ನು ಮುಚ್ಚಿ ಕಟ್ಟುತ್ತಿದ್ದಳು. ಏಳು ದಿನ ಮಕ್ಕಳು ಆಡಿಕೊಂಡಿರುತ್ತಿದ್ದರು. ಎಂಟನೆಯ ದಿನ ಜ್ವರ ಬರುತ್ತಿತ್ತು. ಎರಡು ದಿನ, ಹೆಚ್ಚೆಂದರೆ ಮೂರು ದಿನ ಮಲಗಿ, ಇನ್ನೊಂದು ವಾರದಲ್ಲಿ ಮೊದಲಿನಂತಾಗುತ್ತಿದ್ದರು. ಅಂಥವರಿಗೆ ಮತ್ತೆ ಸಿಡುಬು ಬರುವ ಭಯವಿರಲಿಲ್ಲ. ಒಮ್ಮೆ ರೋಗವನ್ನು ಗೆದ್ದ ದೇಹ ಎರಡನೆಯ ಬಾರಿ ಅದಕ್ಕೆ ಸೋಲುವುದಿಲ್ಲವೆಂಬ ಅನುಭವವೇ ಈ ಪದ್ಧತಿಗೆ ಆಧಾರ.

ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಗಿಡಕ್ಕೆ ಕಸಿ ಕಟ್ಟುವುದನ್ನು ನೋಡಿದವರಿಗೆ ಈ ಕ್ರಮ ಬೇಗ ಅರ್ಥವಾದೀತು. ಮೇರಿ ಬಳಸಿದ ಇಂಗ್ಲಿಷ್ ಪದವೂ ಕಸಿ ಕಟ್ಟುವುದಕ್ಕೆ ಹೇಳುವ ಪದವೇ. ಇದು ತುರ್ಕಿಯೊಂದರದೇ ವಿದ್ಯೆಯಲ್ಲ. ಬಂಗಾಳದಲ್ಲಿ, ಚೀಣದಲ್ಲಿ, ಆಫ್ರಿಕದ ಕೆಲವು ನಾಡುಗಳಲ್ಲಿಯೂ ಇಂಥ ಪದ್ಧತಿಗಳಿದ್ದವು. ಲಂಡನ್ನಿನ ವಿದ್ವತ್ಸಭೆಯಾದ ರಾಯಲ್ ಸೊಸೈಟಿಗೆ ತುರ್ಕಿಯಿಂದ ಇದರ ವರದಿಯೊಂದು 1714ರಲ್ಲಿಯೇ ಹೋಗಿತ್ತು. ಪಂಡಿತರು ಅದನ್ನು ಓದಿದರು, ವಿಸ್ಮಯಪಟ್ಟರು, ಸುಮ್ಮನಾದರು. ಯಾರೂ ತಮ್ಮ ಮಗುವಿನ ತೋಳನ್ನು ಮುಂದೆ ಚಾಚಲಿಲ್ಲ.

ಚಾಚಿದವಳು ಮೇರಿ. 1718ರ ಮಾರ್ಚ್ ತಿಂಗಳಲ್ಲಿ, ಪತಿಯು ಬೇರೆಡೆಗೆ ಹೋಗಿದ್ದಾಗ, ಸುಮಾರು ಐದು ವರ್ಷದ ಮಗನಿಗೆ ಸಿಡುಬಿನ ಕಸಿ ಮಾಡಿಸಲು ಆಕೆ ನಿಶ್ಚಯಿಸಿದಳು. ಆ ಕ್ಷಣದ ಭಾರವನ್ನು ಊಹಿಸಿಕೊಳ್ಳಬೇಕು. ತನ್ನ ತಮ್ಮನನ್ನು ಕೊಂದ ರೋಗವನ್ನು, ತನ್ನ ಮುಖವನ್ನು ಕೆಡಿಸಿದ ರೋಗವನ್ನು, ಆರೋಗ್ಯವಾಗಿ ಆಡುತ್ತಿದ್ದ ಮಗನ ಮೈಯೊಳಗೆ ತಾನೇ ಸೇರಿಸಬೇಕು. ಕೆಟ್ಟರೆ ದೂಷಿಸಲು ವಿಧಿಯೂ ಸಿಗುವುದಿಲ್ಲ. ಬಿಟ್ಟರೆ, ಇಂದಲ್ಲದಿದ್ದರೆ ನಾಳೆ, ರೋಗವೇ ಹುಡುಕಿಕೊಂಡು ಬರಬಹುದು. ಮುಪ್ಪಿನ ಗ್ರೀಕ್ ಹೆಂಗಸೊಬ್ಬಳು ನಡುಗುವ ಕೈಯಿಂದ, ತುಕ್ಕು ಹಿಡಿದ ಸೂಜಿಯಿಂದ ಹುಡುಗನ ಒಂದು ತೋಳಿಗೆ ಚುಚ್ಚಿದಳು. ಅವನ ನೋವನ್ನು ನೋಡಲಾರದೆ, ರಾಯಭಾರ ಕಚೇರಿಯ ವೈದ್ಯ ಚಾರ್ಲ್ಸ್ ಮೇಟ್‌ಲೆಂಡ್ ಇನ್ನೊಂದು ತೋಳಿಗೆ ತನ್ನ ಹರಿತವಾದ ಅಲಗಿನಿಂದ ಆ ಕೆಲಸ ಮಾಡಿದನು. ಹುಡುಗನು ಜ್ವರದಿಂದ ಮಲಗಿದನು, ಎದ್ದನು, ಮತ್ತೆ ಆಟಕ್ಕೆ ಓಡಿದನು. ಕೆಲವು ವಾರಗಳ ಹಿಂದೆಯಷ್ಟೇ ಹುಟ್ಟಿದ್ದ ಮಗಳಿಗೆ ಮಾತ್ರ ಮೇರಿ ಆಗ ಕಸಿ ಮಾಡಿಸಲಿಲ್ಲ. ಆ ಕೂಸಿಗೆ ಹಾಲೂಡುತ್ತಿದ್ದ ದಾದಿಗೆ ಸಿಡುಬು ಬಂದಿರಲಿಲ್ಲ. ಕೂಸಿನಿಂದ ಅವಳಿಗೆ ರೋಗ ಅಂಟೀತೆಂಬ ಎಚ್ಚರ ಮೇರಿಗಿತ್ತು.

ಆಕೆ ಇಂಗ್ಲೆಂಡಿಗೆ ಮರಳಿದ ಮೇಲೆ, 1721ರಲ್ಲಿ ಲಂಡನ್ನಿನಲ್ಲಿ ಸಿಡುಬು ಹಬ್ಬಿತು. ಮೇರಿ ಮೇಟ್‌ಲೆಂಡನನ್ನು ಕರೆಸಿ, ಅರಮನೆಯ ವೈದ್ಯರ ಕಣ್ಣೆದುರಿನಲ್ಲಿ ಮಗಳಿಗೆ ಕಸಿ ಮಾಡಿಸಿದಳು. ಮಗು ಗುಣವಾಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ, ಮರಣದಂಡನೆಗೆ ಗುರಿಯಾಗಿದ್ದ ಆರು ಮಂದಿ ಕೈದಿಗಳಿಗೆ, ಒಪ್ಪಿದರೆ ಬಿಡುಗಡೆಯೆಂಬ ಮಾತು ಕೊಟ್ಟು ಕಸಿ ಮಾಡಿದರು. ಸಾವಿನೆದುರು ನಿಂತವರ ಮುಂದೆ ಇಂಥ ಆಯ್ಕೆಯನ್ನಿಡುವುದು ಇಂದಿನ ನ್ಯಾಯಕ್ಕೆ ಒಪ್ಪುವ ಕ್ರಮವಲ್ಲ. ಆರು ಜನರೂ ಉಳಿದು ಬಿಡುಗಡೆ ಹೊಂದಿದರು. ಮುಂದಿನ ವರ್ಷ ಯುವರಾಣಿ ಕ್ಯಾರೊಲೈನ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೂ ಇದನ್ನು ಮಾಡಿಸಿದಳು.

ವಿರೋಧವೂ ಕಡಿಮೆಯಿರಲಿಲ್ಲ. ದೇವರು ಕೊಡುವ ರೋಗವನ್ನು ಮನುಷ್ಯನು ಕೊಡುವುದು ಪಾಪವೆಂದು ಪಾದ್ರಿಯೊಬ್ಬನು ಉಪದೇಶ ಮಾಡಿದನು. ಪರದೇಶದ, ಓದುಬರಹವಿಲ್ಲದ ಹೆಂಗಸರ ಪದ್ಧತಿಯನ್ನು ವಿದ್ಯಾವಂತರ ದೇಶ ಅನುಸರಿಸಬೇಕೆ ಎಂದು ವೈದ್ಯನೊಬ್ಬನು ಹೀಗಳೆದನು. ಒಪ್ಪಿಕೊಂಡ ವೈದ್ಯರಾದರೂ ಆ ಪದ್ಧತಿಯನ್ನು ಇದ್ದ ಹಾಗೆ ಸ್ವೀಕರಿಸಲಿಲ್ಲ. ಕಸಿಗೆ ಮುಂಚೆ ರಕ್ತ ತೆಗೆದರು, ಭೇದಿ ಮಾಡಿಸಿದರು, ತೋಳನ್ನು ಆಳವಾಗಿ ಕೊಯ್ದರು. ಸೂಜಿಮೊನೆಯ ಗೀರು ಸಾಕಾಗಿರುವಲ್ಲಿ ಇಷ್ಟೆಲ್ಲ ಹಿಂಸೆ ಏಕೆಂದು ಮೇರಿ 1722ರಲ್ಲಿ, ತುರ್ಕಿಯ ವರ್ತಕನೊಬ್ಬನ ಮರೆಯಲ್ಲಿ ನಿಂತು, ಪತ್ರಿಕೆಯಲ್ಲಿ ಬರೆದಳು. ಹೆಣ್ಣಿನ ಹೆಸರಿನಲ್ಲಿ ಬಂದಿದ್ದರೆ ಆ ಮಾತಿಗೆ ಎಷ್ಟು ಜನ ಕಿವಿಗೊಡುತ್ತಿದ್ದರೋ! ಆದರೆ ಸತ್ಯವನ್ನು ಮುಚ್ಚಬಾರದು. ಈ ಪದ್ಧತಿಯಲ್ಲಿ ಅಪಾಯವೂ ಇತ್ತು. ಕಸಿ ಮಾಡಿಸಿಕೊಂಡವರಲ್ಲಿ ಸುಮಾರು ಐವತ್ತಕ್ಕೊಬ್ಬರು ಸಾಯುತ್ತಿದ್ದರು. ಅವರಿಂದ ಬೇರೆಯವರಿಗೆ ರೋಗ ಹರಡುವುದೂ ಸಾಧ್ಯವಿತ್ತು. ಆದರೂ ತಾನಾಗಿ ಬರುವ ಸಿಡುಬಿನೊಡನೆ ಹೋಲಿಸಿದರೆ ಅದು ಎಷ್ಟೋ ಕಡಿಮೆಯ ಅಪಾಯ. ತುರ್ಕಿಯಿಂದ ಮೇರಿ ಈ ಪದ್ಧತಿಯನ್ನು ವಿವರಿಸಿ ಮೊದಲು ಪತ್ರ ಬರೆದದ್ದು ಸಾರಾ ಚಿಸ್‌ವೆಲ್ ಎಂಬ ಗೆಳತಿಗೆ. ಆ ಗೆಳತಿಯೇ 1726ರಲ್ಲಿ ಸಿಡುಬಿನಿಂದ ತೀರಿಕೊಂಡಳೆಂಬುದು ವಿಷಾದದ ಸಂಗತಿ. ಮೇರಿ 1762ರಲ್ಲಿ ಕಾಲವಾದಳು. ಆಕೆಯ ತುರ್ಕಿಯ ಪತ್ರಗಳು ಮರುವರ್ಷ ಪುಸ್ತಕವಾಗಿ ಹೊರಬಂದವು.

ಅದಕ್ಕೆ ಕೆಲವು ವರ್ಷಗಳ ಮುಂಚೆ ಇಂಗ್ಲೆಂಡಿನ ಹಳ್ಳಿಯ ಕಡೆ ಎಡ್ವರ್ಡ್ ಜೆನ್ನರ್ ಎಂಬ ಎಳೆಯ ಹುಡುಗನಿಗೆ ಇದೇ ಕಸಿಯನ್ನು ಮಾಡಿದ್ದರು. ಆ ಹುಡುಗ ಬೆಳೆದು ವೈದ್ಯನಾದನು. ಹಸುವಿನ ಸಿಡುಬು ತಗಲಿದ ಹಾಲು ಕರೆಯುವ ಹೆಂಗಸರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂಬ ಹಳ್ಳಿಯ ಮಾತನ್ನು ಆತನು ಅಲಕ್ಷಿಸಲಿಲ್ಲ. 1796ರಲ್ಲಿ ಅದನ್ನು ಪ್ರಯೋಗ ಮಾಡಿ ನೋಡಿದನು. ಪ್ರಾಣಾಪಾಯ ಬಹಳ ಕಡಿಮೆಯಾದ ಹೊಸ ಲಸಿಕೆ ಹಾಗೆ ಹುಟ್ಟಿತು. ವ್ಯಾಕ್ಸಿನ್ ಎಂಬ ಪದಕ್ಕೂ ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ಹೇಳುವ ಪದವೇ ಮೂಲ. ಆ ಲಸಿಕೆ ವಿಯೆನ್ನಾದಿಂದ ಕಾನ್‌ಸ್ಟಾಂಟಿನೋಪಲ್ಲಿಗೂ, ಅಲ್ಲಿಂದ ಬಾಗ್ದಾದ್, ಬಸ್ರಾಗಳ ಮೂಲಕ ಮುಂಬಯಿಗೂ ಬಂದಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಅದನ್ನು ಹಾಕಿದರು. ತುರ್ಕಿಯಿಂದ ಹೊರಟ ಒಂದು ತಿಳಿವಳಿಕೆ ಇಂಗ್ಲೆಂಡಿನಲ್ಲಿ ಹೊಸ ರೂಪ ತಾಳಿ, ತುರ್ಕಿಯ ದಾರಿಯಿಂದಲೇ ಭಾರತಕ್ಕೆ ಬಂದಂತಾಯಿತು.

ಆ ಮಗುವಿನ ತೋಳಿನಿಂದ ಮತ್ತೊಂದು ಮಗುವಿನ ತೋಳಿಗೆ, ಹೀಗೆ ಲಸಿಕೆ ಊರಿಂದೂರಿಗೆ ಸಾಗಿತು. ಮೈಸೂರಿನ ಅರಮನೆಗೂ ತಲುಪಿತು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿಗೆ ಮೂವರು ರಾಜಸ್ತ್ರೀಯರನ್ನು ಚಿತ್ರಿಸಿದ್ದಾನೆ. ಒಬ್ಬಳು ತನ್ನ ಸೆರಗನ್ನು ಸರಿಸಿ ಮೇಲ್ತೋಳನ್ನು ತೋರಿಸುವಂತೆ ನಿಂತಿದ್ದಾಳೆ. ಈಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಲಸಿಕೆ ಹಾಕಿದ ಸ್ಥಳವನ್ನು ತೋರಿಸುತ್ತಿದ್ದಾಳೆಂದೂ ವಿದ್ವಾಂಸರೊಬ್ಬರು ಗುರುತಿಸಿದ್ದಾರೆ. ರಾಣಿಯೇ ಹಾಕಿಸಿಕೊಂಡಿದ್ದಾಳೆಂದರೆ ಪ್ರಜೆಗಳಿಗೆ ಧೈರ್ಯ ಬರುವುದು ಸಹಜ.

ಮುಂದೆ ಮೈಲಿ ಹಾಕುವವರು ಹಳ್ಳಿಹಳ್ಳಿಗೂ ಬಂದರು. ಹಲ್ಲುಗಳುಳ್ಳ ಸಣ್ಣ ಬಿಲ್ಲೆಯಂಥ ಉಪಕರಣವನ್ನು ಅವರು ತೋಳಿನ ಮೇಲೊತ್ತಿ ತಿರುಗಿಸುತ್ತಿದ್ದರು. ಅವರು ಬಂದರೆಂದರೆ ಮಕ್ಕಳು ಹುಲ್ಲಿನ ಬಣವೆಯ ಹಿಂದೆ ಅವಿತುಕೊಳ್ಳುತ್ತಿದ್ದರು. ತಾಯಂದಿರು ಹುಡುಕಿ ಎಳೆದು ತರುತ್ತಿದ್ದರು. ಮಾರಮ್ಮನ ಗುಡಿಗೆ ಹರಕೆ ಸಲ್ಲಿಸಿದವರೂ, ಮುಳಬಾಗಿಲಿನ ಹೈದರ್ ವಲಿಯವರ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿದವರೂ ತಮ್ಮ ಮಕ್ಕಳ ತೋಳುಗಳನ್ನು ಆ ಬಿಲ್ಲೆಗೆ ಒಡ್ಡಿದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಸಾರಿತು.

ಆ ಗೆಲುವಿನ ಹಾದಿಯಲ್ಲಿ ಜೆನ್ನರನ ಹೆಸರನ್ನು ಎಲ್ಲರೂ ಬಲ್ಲರು. ಮೇರಿಯ ಹೆಸರನ್ನು ಕೆಲವರು ಬಲ್ಲರು. ಆಕೆಯ ಮಗನ ತೋಳಿಗೆ ನಡುಗುವ ಕೈಯಿಂದ ಸೂಜಿ ಚುಚ್ಚಿದ ಮುದುಕಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಆ ಕೈಯ ಕೆಲಸ ಕಾಡುಮೇಡುಗಳನ್ನು, ಕಡಲುಗಳನ್ನು, ಮತಭಾಷೆಗಳ ಗಡಿಗಳನ್ನು ದಾಟಿ ಬಂದಿತು. ಪರರ ನಾಡಿಗೆ ಹೋದ ಹೆಣ್ಣೊಬ್ಬಳು ಅವರನ್ನು ಜರೆಯುವ ಬದಲು, "ನಿಮ್ಮ ಮಕ್ಕಳ ಮುಖದಲ್ಲಿ ಕಲೆಗಳಿಲ್ಲವಲ್ಲ, ಏಕೆ?" ಎಂದು ಕೇಳಿದ್ದರಿಂದ ಅದು ಸಾಧ್ಯವಾಯಿತು.

ತಾಯಲೂರಿನ ಜಗುಲಿಯ ಮೇಲೆ ಕುಳಿತ ಅಜ್ಜಿಗೆ ತುರ್ಕಿಯೂ ತಿಳಿಯದು, ಮೇರಿಯೂ ತಿಳಿಯದು. ಆಕೆಯ ತೋಳಿನ ಮೇಲೆ ಮಾತ್ರ ಆ ಗುರುತು ಇನ್ನೂ ಮಾಸದೆ ಇದೆ.